ಒಂದೇ ಕಣ್ಣಿನ ಓಣಿ

"ಇದು ಓದಿದ್ದಲ್ಲ, ಮೇಯ್ದಿದ್ದು," ಎಂದರು ವಸಂತಕುಮಾರ್, ಮೈಕಿನಲ್ಲಿ.

ಬಳ್ಳಾರಿಯ ಬೀದಿ ಮಂಡಳಿಯ ಸಭಾಂಗಣ ತುಂಬಿತ್ತು. ವಸಂತಕುಮಾರ್ ಆ ಮಂಡಳಿಯ ಮುಖ್ಯ ಅಧಿಕಾರಿ. ಅವರೆದುರು ನಿಂತವನು ಗಾದಿಲಿಂಗ. ದಾರದ ಓಣಿಯಲ್ಲಿ ಜೀನ್ಸ್ ಹೊಲಿಯುವವನು, ಒಂದನೇ ಕ್ಲಾಸಿಗೇ ಶಾಲೆ ಬಿಟ್ಟವನು.

"ಈ ಓಣಿಯಿಂದ ಬಂದಿರೋ ಆಕ್ಷೇಪಣೆ ಒಂದೇ ಒಂದು. ಹುಲಿಗೆಮ್ಮ ಅನ್ನೋರದ್ದು. ಆಕೆ ಓದಿದ್ದಾರೆ, ಯಂತ್ರವೇ ಹೇಳುತ್ತೆ. ಉಳಿದವರು ಆಕೆ ಹೇಳಿದ್ದನ್ನ ಮೆಲುಕು ಹಾಕಿದ್ದಾರೆ, ಅಷ್ಟೇ. ಶಾಲೆ ಬಿಟ್ಟವರೆಲ್ಲ ನಲವತ್ತು ಪುಟದ ಕರಡು ಓದಿದ್ವಿ ಅಂದ್ರೆ ನಾನು ಪಾಪ ಅಂತ ನಂಬಬಹುದು. ಯಂತ್ರಕ್ಕೆ ಪಾಪ ಗೀಪ ಇಲ್ಲ."

ಜನ ನಕ್ಕರು. ಪಕ್ಕದ ಓಣಿಯವರೂ ನಕ್ಕರು.

"ಓದೀವಿ ಸಾರ್," ಎಂದ ಗಾದಿಲಿಂಗ. "ಒಬ್ಬೊಬ್ರೂ ಕುಂತು ಓದೀವಿ."

"ಹುಲ್ಲು ಒಂದೇ, ದನ ಬೇರೆ ಬೇರೆ. ಕೂತ್ಕೊಳಪ್ಪ."

ಈ ಸಲದ ನಗು ಗೋಡೆಗೆ ಬಡಿದು ವಾಪಸ್ ಬಂತು. ಗಾದಿಲಿಂಗ ಕೂರಲಿಲ್ಲ. ಮೈಕಿನವನು ಬೇರೆ ಓಣಿಯ ಹೆಸರು ಕೂಗುವವರೆಗೂ ಕಂಬದಂತೆ ನಿಂತೇ ಇದ್ದ.

ಕರಡಿನ ಹನ್ನೊಂದನೇ ಅಂಶ ದಾರದ ಓಣಿಯದು. ರಸ್ತೆ ಅಗಲವಾಗಬೇಕು, ಎಡಸಾಲಿನ ಮನೆಗಳ ಮುಂದಿನ ಕೋಣೆ ಹೋಗಬೇಕು. ಕೋಣೆ ಅಂದರೆ ಬರೀ ಕೋಣೆಯಲ್ಲ. ಹೊಲಿಗೆ ಮಷೀನು ಕೂತಿರುವುದೇ ಅಲ್ಲಿ. ಮಷೀನು ಹೋದರೆ ಓಣಿಯಲ್ಲಿ ಉಳಿಯುವುದು ಮಲಗುವ ಜಾಗ ಮಾತ್ರ. ಈ ಅಂಶವನ್ನು ಮಂಡಳಿ ಮತ್ತೆ ಯೋಚಿಸಬೇಕಾದರೆ ಐವತ್ತು ಬೇರೆ ಬೇರೆ ಜನ ಕರಡಿನೊಳಗೆ ಹೋಗಿ, ಓದಿ, ಆಕ್ಷೇಪಣೆ ಬರೆಯಬೇಕು. ಗಡುವು ತಿಂಗಳ ಕೊನೆ. ಓಣಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಬರೆದಿದ್ದರು. ಯಂತ್ರ ತೋರಿಸುತ್ತಿದ್ದದ್ದು ಒಂದು.

ಹಿಂದೆ ಇಂಥ ಕರಡುಗಳನ್ನು ಜನರ ಮುಂದಿಡುವುದು ಬಲು ಸಲೀಸಾಗಿತ್ತು. ಒಂದು ಲಿಂಕ್ ಕಳಿಸಿದರೆ ಸಾಕು, ಯಾರು ಬೇಕಾದರೂ ಒಳಗೆ ಬಂದು ಅಂಚಿನಲ್ಲಿ ತಮ್ಮ ಮಾತು ಬರೆದು ಹೋಗಬಹುದಿತ್ತು. ಬರಬರುತ್ತ ಬರೆಯುವವರಲ್ಲಿ ಮನುಷ್ಯರು ಕಡಿಮೆಯಾದರು. ಒಂದು ಊರಿನ ಕಸದ ಗುಂಡಿಯ ಕರಡಿಗೆ ಆ ಊರಿನ ಜನಕ್ಕಿಂತ ಹತ್ತು ಪಟ್ಟು ಒಪ್ಪಿಗೆ ಬಂತು. ಬರೆದದ್ದೆಲ್ಲ ಯಂತ್ರ. ಆಮೇಲೆ ಲಾಗಿನ್ ಕಡ್ಡಾಯವಾಯಿತು. ಪಾಸ್‌ವರ್ಡನ್ನು ಜನ ಬೀಡಿಯಂತೆ ಹಂಚಿಕೊಂಡರು. ಮುಖ, ಬೆರಳು, ದನಿ ಇಟ್ಟರು, ಮೂರನ್ನೂ ಯಂತ್ರ ನಕಲು ಮಾಡಿತು. ಕೊನೆಗೆ ಯಾರೋ ಕಣ್ಣಿನ ನಡೆಯನ್ನು ಹಿಡಿದರು.

ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅದು ಕುಪ್ಪಳಿಸುತ್ತದೆ. ಒಂದು ಪದದ ಮೇಲೆ ಕೂರುತ್ತದೆ, ಎರಡು ಪದ ಹಾರುತ್ತದೆ, ಅನುಮಾನ ಬಂದರೆ ಹಿಂದಕ್ಕೆ ಓಡುತ್ತದೆ. ಎಲ್ಲಿ ಕೂರುತ್ತದೆ, ಎಷ್ಟು ಹೊತ್ತು ಕೂರುತ್ತದೆ ಎನ್ನುವುದು ಒಬ್ಬೊಬ್ಬರದೂ ಬೇರೆ, ದೂರದಿಂದ ಬರುವವನನ್ನು ನಡಿಗೆಯಲ್ಲೇ ಗುರುತಿಸುವ ಹಾಗೆ. ಕರಡಿನ ಮೊದಲ ಪುಟವೇ ಬಾಗಿಲು. ಅದನ್ನು ಓದಿ ಮುಗಿಸುವಷ್ಟರಲ್ಲಿ ನೀನು ಯಾರೆಂದು ಅದಕ್ಕೆ ಗೊತ್ತಾಗಿರುತ್ತದೆ. ಓದದವನು ಬರೆಯುವಂತಿಲ್ಲ, ಒಬ್ಬ ಇಬ್ಬರಾಗುವಂತಿಲ್ಲ. ಇದಕ್ಕೆ ನೋಟಗೀಲಿ ಎಂದು ಹೆಸರಿಟ್ಟರು. ಒಳ್ಳೆಯ ಉಪಾಯವೇ. ಯಾರ ಓದನ್ನು ನೋಡಿ ಉಪಾಯ ಮಾಡಿದರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಭೆ ಮುಗಿದ ಕೂಡಲೇ ಗಾದಿಲಿಂಗ ಮಂಡಳಿಯ ಹಿಂದಿನ ಕಟ್ಟಡಕ್ಕೆ ಹೋದ. ಮೇಲಿನ ಮಹಡಿಯಲ್ಲಿ ಕೀಲಿ ಕೇಂದ್ರ. ತಸ್ನೀಮ್ ಎಂಬ ಹೊಸಪೇಟೆಯ ಎಂಜಿನಿಯರ್ ಅದನ್ನು ನೋಡಿಕೊಳ್ಳುತ್ತಿದ್ದರು. ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ನಿಮ್ಮ ಯಂತ್ರ ಕೆಟ್ಟೈತಿ ಮೇಡಂ."

"ದಿನಾ ಯಾರಾದ್ರೂ ಬಂದು ಹೇಳ್ತಾರ. ಏನಾತು?"

"ನಾನು ಓದಿದ್ರೂ ಹುಲಿಗೆಮ್ಮ ಅಂತೈತಿ. ಖಾಜಾ ಓದಿದ್ರೂ ಹುಲಿಗೆಮ್ಮ. ಎರ್ರೆಮ್ಮಕ್ಕ ಓದಿದ್ರೂ ಅದೇ. 'ಹುಲಿಗೆಮ್ಮನವರೇ, ಮತ್ತೆ ಸ್ವಾಗತ.'"

"ಅವತ್ತೇ ಯಾಕ ಹೇಳಲಿಲ್ಲ ನೀವು?"

ಗಾದಿಲಿಂಗ ತಲೆ ಕೆರೆದುಕೊಂಡ. "ಆಯಮ್ಮನ್ನ ನೆನೆಸಿಕೊಂತೈತಿ ಅನ್ಕೊಂಡ್ವಿ. ನಮಗೆಲ್ಲ ಅಕ್ಷರ ಕಲಿಸಿದಾಕೀ ಆಯಮ್ಮ. ಯಂತ್ರಕ್ಕೂ ಮರ್ಯಾದಿ ಗೊತ್ತೈತಿ ಅಂತ ಖುಷಿನೂ ಆಗಿತ್ತು."

ತಸ್ನೀಮ್ ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟರು. "ಎಲ್ಲಾರಿಗೂ ಒಬ್ಬಾಕೀನೇ ಕಲಿಸ್ಯಾಳಾ?"

ಅವನನ್ನು ಪರದೆಯ ಮುಂದೆ ಕೂರಿಸಿ ಒಂದು ಪುಟ ಓದಿಸಿದರು. ಗೋಡೆಯ ಮೇಲೆ ಅವನ ಕಣ್ಣಿನ ಹಾದಿ ನೀಲಿ ಗೆರೆಯಾಗಿ ಮೂಡಿತು. ಕೂತಲ್ಲೆಲ್ಲ ಚುಕ್ಕೆ, ಹಾರಿದಲ್ಲೆಲ್ಲ ಗೆರೆ. ಪ್ರತಿ ಸಾಲಿನ ತುದಿಯಲ್ಲೂ ಗೆರೆ ಹಿಂದಕ್ಕೆ ತಿರುಗಿ, ಕೊನೆಯ ಪದದ ಮೇಲೆ ಇನ್ನೊಮ್ಮೆ ಕೂತು, ಆಮೇಲೆ ಕೆಳಗಿನ ಸಾಲಿಗೆ ಇಳಿದಿತ್ತು.

"ಇದೇನಿದು? ಎಲ್ಲಾ ಸಾಲಿಗೂ ವಾಪಸ್ ಬರ್ತೀರಲ್ಲ."

"ಬರಬೇಕಲ್ರೀ. ಇಲ್ಲಂದ್ರ ಬಿಚ್ಚಿಕೊಂತೈತಿ."

"ಏನು ಬಿಚ್ಚಿಕೊಂತೈತಿ?"

"ಸಾಲು."

ಹುಲಿಗೆಮ್ಮ ಅಕ್ಷರ ಕಲಿಸಿದ್ದು ಹೊಲಿಗೆಯ ಕೋಣೆಯಲ್ಲೇ, ಮಷೀನುಗಳ ಸದ್ದಿನ ನಡುವೆ. ಹೊಲಿಗೆಯ ತುದಿಯಲ್ಲಿ ಸೂಜಿಯನ್ನು ಹಿಂದಕ್ಕೆ ತಂದು ಮತ್ತೊಮ್ಮೆ ಹೊಲಿದರೆ ದಾರ ಬಿಚ್ಚುವುದಿಲ್ಲ. ಓದನ್ನೂ ಆಕೆ ಹಾಗೆಯೇ ಹೇಳಿಕೊಟ್ಟಿದ್ದಳು. ಸಾಲಿನ ಕೊನೆಗೆ ಹಿಂದೆ ಬಾ, ಒಂದು ಗಂಟು ಹಾಕು, ಮುಂದೆ ಹೋಗು. ತಪ್ಪಿದರೆ ಅಳತೆ ಟೇಪಿನಿಂದ ಮೊಣಕೈಗೆ ಒಂದೇಟು. ಆ ಓಣಿಯಲ್ಲಿ ಓದುವುದು ಎಂದರೆ ಅದೇ. ಬೇರೆ ಓದು ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ತಸ್ನೀಮ್ ಹುಲಿಗೆಮ್ಮನ ಹಾದಿಯನ್ನು ತೆಗೆದು ಅವನ ಹಾದಿಯ ಮೇಲೆ ಇಟ್ಟರು. ಒಂದು ಅಂಗಿಯ ಮೇಲೆ ಅದೇ ಅಳತೆಯ ಇನ್ನೊಂದು ಅಂಗಿ ಇಟ್ಟಂತೆ ಕೂತುಕೊಂಡಿತು.

"ನಾನು ಇಂಥಾದ್ದು ಕಂಡೇ ಇಲ್ಲ," ಎಂದರು ಸಣ್ಣ ದನಿಯಲ್ಲಿ. ಬಯ್ಯಲು ಬಂದಿದ್ದ ಗಾದಿಲಿಂಗನಿಗೆ ಆ ದನಿ ಕೇಳಿ ಬಯ್ಗುಳ ಬಾಯಲ್ಲೇ ಉಳಿಯಿತು. ಅವನೂ ಗೋಡೆಯನ್ನೇ ನೋಡಿದ. ತನ್ನ ಕಣ್ಣು ಹೀಗೆಲ್ಲ ಓಡಾಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಸರಿ ಮಾಡ್ರಿ ಮತ್ತೆ."

"ನಾನು ಮಾಡಂಗಿಲ್ಲ. ಕೀಲಿ ನಿಯಮ ತಿದ್ದಬೇಕಂದ್ರ ಅದಕ್ಕೊಂದು ಕರಡು ಆಗಬೇಕು, ಅದನ್ನ ಜನರ ಓದಿಗೆ ಇಡಬೇಕು. ವರ್ಷ ಹಿಡಿತೈತಿ."

"ಆ ಕರಡು ಓದಾಕ ಯಾವ ಕೀಲಿ?"

"ಇದೇ," ಎಂದು ತಸ್ನೀಮ್ ನಕ್ಕುಬಿಟ್ಟರು. ಆಮೇಲೆ ನಗು ನುಂಗಿಕೊಂಡರು. "ಹೊಸದಾಗಿ ಓದಕ್ಕೆ ಕಲಿಬಹುದು. ಅದಕ್ಕೂ ತಿಂಗಳುಗಟ್ಟಲೆ ಬೇಕು. ತಡೀರಿ, ಇನ್ನೊಂದು ಪುಟ ಓದ್ರಿ. ಬೇರೆ ಥರದ್ದು."

ಕೈಗೆ ಸಿಕ್ಕಿದ್ದನ್ನು ಪರದೆಗೆ ಹಾಕಿದರು. ಅದು ಅಂದಿನ ಸಭೆಯ ವರದಿ, ಆಡಿದ ಮಾತೆಲ್ಲ ತಾನೇ ಅಕ್ಷರವಾಗಿ ಬಂದು ಕೂತಿತ್ತು. ಗಾದಿಲಿಂಗ ಓದುತ್ತ ಹೋದ. 'ಮೇಯ್ದಿದ್ದು' ಬಂತು. 'ಹುಲ್ಲು ಒಂದೇ' ಬಂತು. 'ಸಭೆಯಲ್ಲಿ ನಗು' ಎಂದೂ ಅದು ಬರೆದುಕೊಂಡಿತ್ತು. ಅವನ ಕಿವಿ ಬಿಸಿಯಾಯಿತು.

ಯಂತ್ರ ಸಣ್ಣಗೆ ಕೂಗಿತು. "ಈ ನೋಟ ಪರಿಚಯವಿಲ್ಲ. ಹೊಸ ಹೆಸರು ಸೇರಿಸಬೇಕೇ?"

ಇಬ್ಬರೂ ಗೋಡೆ ನೋಡಿದರು. ಗಂಟುಗಳು ಮಾಯವಾಗಿದ್ದವು. ಗೆರೆ ಉದ್ದುದ್ದ ಹಾರಿತ್ತು, ಒಂದೊಂದು ಪದವನ್ನು ಮೂರು ಸಲ ಕುಕ್ಕಿತ್ತು, ಸಾಲಿನ ತುದಿಗೆ ಹೋಗದೆಯೇ ಕೆಳಗೆ ಬಿದ್ದಿತ್ತು.

"ಈಗ ಏನು ಮಾಡಿದ್ರಿ ನೀವು?"

"ಏನಿಲ್ಲ. ಸಿಟ್ಟು ಬಂತು."

ಆ ನೋಟಕ್ಕೆ ಅವನ ಹೆಸರು ಸೇರಿಸಿ ತಸ್ನೀಮ್ ಅವನಿಗೆ ನಗು ತರಿಸುವ ಪುಟ ಕೊಟ್ಟರು. ಪರದೆಯಲ್ಲಿ ಹುಲಿಗೆಮ್ಮನ ಹೆಸರೇ ಬಂತು. ಮಗು ಸತ್ತ ಸುದ್ದಿಯ ಪುಟ ಕೊಟ್ಟರು. ಗಂಟುಗಳು ಇನ್ನೂ ಬಿಗಿಯಾದವು. ಮತ್ತೆ ವರದಿಯನ್ನೇ ಕೊಟ್ಟರು. ಬಂದವನು ಗಾದಿಲಿಂಗ. ಮರುದಿನ ಅವನು ಖಾಜಾನನ್ನೂ ಎರ್ರೆಮ್ಮನನ್ನೂ ಕರೆತಂದ. ಸಿಟ್ಟಿನಲ್ಲಿ ಖಾಜಾನ ಕಣ್ಣು ಒಂದೇ ಜಾಗದಲ್ಲಿ ಕೂತು ಆಮೇಲೆ ಒಮ್ಮೆಲೇ ಹಾರುತ್ತಿತ್ತು, ಎರ್ರೆಮ್ಮನದು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು. ಒಬ್ಬರಂತೆ ಒಬ್ಬರಿಲ್ಲ.

"ಖುಷಿಯಾಗಿದ್ದಾಗ, ದುಃಖ ಆದಾಗ ಕಲಿಸಿದೋರು ಜೊತೆಗೇ ಇರ್ತಾರ," ಎಂದರು ತಸ್ನೀಮ್. "ಸಿಟ್ಟು ಬಂದಾಗ ಮಾತ್ರ ಬಿಟ್ಟು ಹೋಗ್ತಾರ. ಯಾಕ ಅಂತ ನನಗೂ ತಿಳಿವಲ್ದು. ಆದ್ರ ಒಂದು ಮಾತು. ಯಾವ ನೋಟದಲ್ಲಿ ಹೆಸರು ಸೇರಿಸ್ತೀರೋ ಪ್ರತಿ ಸಲಾನೂ ಅದೇ ನೋಟ ಬೇಕು. ಇವತ್ತು ಸಿಟ್ಟು, ನಾಳೆ ಸಮಾಧಾನ ಅಂದ್ರ ಬಾಗಿಲು ತೆಗಿಯಂಗಿಲ್ಲ."

"ಅಷ್ಟೇ ತಾನೇ," ಎಂದ ಗಾದಿಲಿಂಗ. "ಸಿಟ್ಟಿಗೇನು ಬರ ಐತ್ರಿ ನಮ್ಮ ಓಣ್ಯಾಗ?"

ಓಣಿಯವರಿಗೆ ಮೊದಮೊದಲು ಅದು ಆಟವಾಗಿತ್ತು. ಹೊಲಿಗೆ ಕೋಣೆಯ ಒಂದು ಮೂಲೆಯಲ್ಲಿ ಪರದೆ ಇಟ್ಟರು. ಸಭೆಯ ಮಾತು ಗಾದಿಲಿಂಗನಿಗೆ ಸಾಕಾಗಿತ್ತು, ಎಲ್ಲರಿಗೂ ಅದು ಸಿಟ್ಟು ತರಿಸಲಿಲ್ಲ. ಕೆಲವರು ಅದನ್ನು ಕೇಳಿ ನಕ್ಕರು. ಹಾಗಾಗಿ ಒಬ್ಬೊಬ್ಬರೂ ತಮ್ಮ ತಮ್ಮ ಸಿಟ್ಟನ್ನು ಹುಡುಕಿಕೊಂಡರು.

"ನಂಗ ಮೇಕಿ ಸಾಕು," ಎಂದಳು ಎರ್ರೆಮ್ಮ. "ಕೇಳದಂಗ ಮಾರಿಬಿಟ್ಟ ನನ್ನ ಗಂಡ. ಆ ಮೇಕಿ ನೆನಸಿಕೊಂಡ್ರ ನಾಕು ಪುಟ ಓದ್ತೀನಿ."

"ನಂದು ಭಾವ," ಎಂದ ಖಾಜಾ. "ನನ್ನ ಮದಿವ್ಯಾಗ ಬಿರಿಯಾನಿಗೆ ಉಪ್ಪಿಲ್ಲ ಅಂತ ಎಲ್ಲರ ಮುಂದ ತಾಟು ತಳ್ಳಿದ."

"ಉಪ್ಪಿತ್ತಾ?"

"ಇರಲಿಲ್ಲ. ಅದಕ್ಕಾ ಸಿಟ್ಟು."

ಕೋಣೆಯೆಲ್ಲ ನಕ್ಕಿತು. ನಕ್ಕದ್ದಕ್ಕೆ ಖಾಜಾನ ಬಾಗಿಲು ಅಂದು ತೆರೆಯಲಿಲ್ಲ.

ಸಂಖ್ಯೆ ಏರತೊಡಗಿತು. ಹತ್ತಾಯಿತು, ಮೂವತ್ತು ದಾಟಿತು. ಒಮ್ಮೆ ಬರೆದರೆ ಮುಗಿಯುವ ಕೆಲಸವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕರಡು ಅಂದರೆ ಹಾಗಲ್ಲ. ಇವರು ಅಂಚಿನಲ್ಲಿ ಬರೆದರೆ ಮಂಡಳಿ ಅದರ ಕೆಳಗೆ ಉತ್ತರ ಬರೆಯುತ್ತದೆ, ಅದಕ್ಕೆ ಇವರು ಮತ್ತೆ ಬರೆಯಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಪ್ರತಿ ಸಲವೂ ಬಾಗಿಲು, ಪ್ರತಿ ಸಲವೂ ಸಿಟ್ಟು. ಎರ್ರೆಮ್ಮ ದಿನವೂ ಮೇಕೆಯನ್ನು ನೆನೆದಳು. ಓದಿ ಮುಗಿಸಿ ಮನೆಗೆ ಹೋದರೆ ಗಂಡ ಎದುರಿಗೇ ಕೂತಿರುತ್ತಿದ್ದ. ಯಾವುದೋ ಕಾಲದ ಮೇಕೆಗಾಗಿ ಆ ಮನೆಯಲ್ಲಿ ಹೊಸದಾಗಿ ಪಾತ್ರೆ ಹಾರಿದವು. ಖಾಜಾ ಅಕ್ಕನ ಮಗುವಿಗೆ ಹೆಸರಿಡುವ ದಿನ ಅವಳ ಮನೆಗೆ ಹೋಗಲಿಲ್ಲ. ಭಾವನ ಜೊತೆ ಕೂತು ಉಂಡರೆ ಎಲ್ಲಿ ಸಿಟ್ಟು ಇಳಿದುಬಿಡುತ್ತದೋ ಎಂಬ ಹೆದರಿಕೆ. ಮಷೀನು ತುಳಿಯುತ್ತ ಒಬ್ಬರಿಗೊಬ್ಬರು ಕತೆ ಹೇಳುತ್ತಿದ್ದವರು ಈಗ ಬಾಯಿ ಬಿಗಿದು ತುಳಿದರು. ದಾರ ಪದೇ ಪದೇ ಕಡಿಯುತ್ತಿತ್ತು.

ಇನ್ನೊಂದು ಸಂಗತಿ ಯಾರೂ ಯೋಚಿಸದೇ ಆಯಿತು. ಸಂಜೆ ಹುಲಿಗೆಮ್ಮನ ಹತ್ತಿರ ಓದಲು ಹೋಗುತ್ತಿದ್ದವರು ಹೋಗುವುದನ್ನು ಬಿಟ್ಟರು. ಅವಳ ಪಕ್ಕ ಕೂತರೆ ಗಂಟು ಹಾಕುವ ಓದು ವಾಪಸ್ ಬರುತ್ತದೆ, ಕೀಲಿ ಕೆಡುತ್ತದೆ. ಹೇಳಿ ಬಿಡಲಿಲ್ಲ ಯಾರೂ. ಸುಮ್ಮನೆ ಬರುವುದು ನಿಂತಿತು.

ಗಾದಿಲಿಂಗ ಮಾತ್ರ ಹೋಗುತ್ತಿದ್ದ. ತಾಯಿಯ ತಂಗಿ ಆಕೆ, ಚಿಗವ್ವ. ಈಚೆಗೆ ಕಣ್ಣು ಮಂಜಾಗಿತ್ತು, ದೊಡ್ಡ ಅಕ್ಷರದ ಪರದೆಯಾದರೆ ಸರಿ, ಪೇಪರಿನ ಸಣ್ಣ ಅಕ್ಷರ ಆಗುತ್ತಿರಲಿಲ್ಲ. ದಿನಾ ಸಂಜೆ ಅವನೇ ಪೇಪರ್ ಓದಿ ಹೇಳಬೇಕು.

ಆ ಸಂಜೆ ಅವನು ನಾಲ್ಕು ಸಾಲು ಓದಿರಲಿಲ್ಲ. ಹುಲಿಗೆಮ್ಮ ಕೈ ಎತ್ತಿದಳು.

"ಸಾಕು ಬಿಡಪ್ಪ."

"ಯಾಕ ಚಿಗವ್ವ?"

"ಬಯ್ದಂಗ ಓದ್ತೀ. ಮಳಿ ಸುದ್ದಿನೂ ಬಯ್ದಂಗ ಓದ್ತೀ. ನಂಗ ಹೆದರಿಕಿ ಆಗ್ತೈತಿ."

"ಹಂಗೇನಿಲ್ಲ."

"ನಾನು ಕಲಿಸಿದ್ದು ತಪ್ಪಾತೇನು?"

ಗಾದಿಲಿಂಗ ಪೇಪರ್ ಮಡಚಿ ಕೆಳಗಿಟ್ಟ. ಆಕೆ ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ. ಪ್ಯಾಂಟಿನ ಅಳತೆ ಚೀಟಿ ಓದಲು ಬರದೆ ಓಣಿಯವರು ದಲ್ಲಾಳಿಯ ಬಾಯಿ ನೋಡುತ್ತಿದ್ದ ಕಾಲದಲ್ಲಿ ಒಬ್ಬಳೇ ಕೂತು ಕಲಿತು, ಕಲಿತದ್ದನ್ನು ಎಲ್ಲರಿಗೂ ಹೊಲಿದುಕೊಟ್ಟವಳು.

"ತಪ್ಪೇನಿಲ್ಲ ಚಿಗವ್ವ. ಈ ಕೆಲಸ ಮುಗಿಲಿ. ಎಲ್ಲಾರೂ ಬರ್ತಾರ."

"ಬರ್ತಾರ," ಎಂದಳು ಆಕೆ. "ಬಂದ್ರ ಓದಾಕ ಬರ್ತಾರೋ, ನನ್ನ ನೋಡಾಕ ಬರ್ತಾರೋ ಅದು ಬ್ಯಾರೆ ಮಾತು."

ತಿಂಗಳ ಕೊನೆಗೆ ಐವತ್ತೆಂಟು ನೋಟಗಳಾದವು. ಹನ್ನೊಂದನೇ ಅಂಶ ವಾಪಸ್ ಹೋಯಿತು. ಮಂಡಳಿ ಹೊಸ ಕರಡು ಬರೆಯಿತು. ರಸ್ತೆ ಹಳೆ ಗೋದಾಮಿನ ಹಿಂದೆ ತಿರುಗುತ್ತದೆ, ಓಣಿಯ ಕೋಣೆಗಳು ಉಳಿಯುತ್ತವೆ. ಉಳಿದದ್ದು ಎರಡನೇ ಓದು. ಆಕ್ಷೇಪಣೆ ಬರೆದವರು ಒಂದೇ ದಿನ ಮಂಡಳಿಗೆ ಬಂದು, ಅದೇ ನೋಟದಲ್ಲಿ ಹೊಸ ಕರಡನ್ನು ತೆರೆದು ಒಪ್ಪಿಗೆ ಕೊಡಬೇಕು. ಅಂದು ಐವತ್ತಕ್ಕೆ ಒಬ್ಬರು ಕಡಿಮೆಯಾದರೂ ಹಳೆಯ ಕರಡೇ ಗಟ್ಟಿ.

ಆ ದಿನ ಬಂತು. ಸಭಾಂಗಣದ ಪಕ್ಕದ ಕೋಣೆಯಲ್ಲಿ ಪರದೆಗಳನ್ನು ಜೋಡಿಸಿದ್ದರು. ತಸ್ನೀಮ್ ಬಾಗಿಲಲ್ಲಿ ಕೂತಿದ್ದರು. ಬೆಳಗಿನಿಂದ ಒಬ್ಬೊಬ್ಬರೇ ಒಳಗೆ ಹೋಗಿ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಎರ್ರೆಮ್ಮನದು ಆಯಿತು. ಹುಲಿಗೆಮ್ಮನದೂ ಆಯಿತು. ಆಕೆಗೆ ಸಿಟ್ಟು ಬೇಕಿರಲಿಲ್ಲ, ತನ್ನ ಗಂಟಿನ ಓದನ್ನೇ ಓದಿ ನಿಧಾನಕ್ಕೆ ಎದ್ದು ಬಂದಳು. ಆದರೆ ಎಂಟು ಜನಕ್ಕೆ ಬಾಗಿಲು ತೆರೆಯಲಿಲ್ಲ. ಕೋಣೆ ಉಳಿಯಿತು ಎಂಬ ಖುಷಿಯಲ್ಲಿ ಕೆಲವರ ಸಿಟ್ಟು ಕರಗಿತ್ತು. ಕೊನೆಯಲ್ಲಿ ಬಂದ ಖಾಜಾ ತಲೆ ತಗ್ಗಿಸಿ ನಿಂತ.

"ಭಾವ ದವಾಖಾನಿಗೆ ಸೇರ್ಯಾನ," ಎಂದ. "ರಾತ್ರಿಯೆಲ್ಲಾ ಕೈ ಹಿಡ್ಕೊಂಡು ಕುಂತಿದ್ದೆ. ಈಗ ಏನು ಮಾಡಿದ್ರೂ ಸಿಟ್ಟು ಬರವಲ್ದು ಗಾದಿ."

ಅವನನ್ನು ಸೇರಿಸಿ ಹೊರಗುಳಿದವರು ಎಂಟು ಎಂದು ತಸ್ನೀಮ್ ಎರಡು ಸಲ ನೋಡಿ ಹೇಳಿದರು. "ನಲವತ್ತೊಂಬತ್ತು ಆಗ್ಯಾವ. ಇನ್ನುಳಿದಿದ್ದು ನೀವೊಬ್ರು, ಗಾದಿಲಿಂಗ. ಹೋಗಿಬಿಡ್ರಿ ಒಳಗ."

ಅವನು ಎದ್ದ. ಅಷ್ಟರಲ್ಲಿ ಮೈಕು ಗರಗರ ಎಂದಿತು. ವೇದಿಕೆಯ ಮೇಲೆ ವಸಂತಕುಮಾರ್ ನಿಂತಿದ್ದರು. ಕೈಯಲ್ಲಿ ಕಾಗದವಿರಲಿಲ್ಲ.

"ಒಂದು ಮಾತು ಹೇಳಬೇಕು. ಈ ಜಾಗದಲ್ಲೇ ನಿಂತು ನಾನು ಒಬ್ಬರಿಗೆ ಅವಮಾನ ಮಾಡಿದ್ದೆ. ನೀವೆಲ್ಲ ಇದ್ರಿ. ನಕ್ಕವರೂ ಇದ್ದೀರಿ. ಆಮೇಲೆ ಈ ಓಣಿಯ ಓದಿನ ಬಗ್ಗೆ ತಸ್ನೀಮ್ ಬರೆದು ಕಳಿಸಿದ್ದನ್ನ ಓದಿದೆ. ಕುತೂಹಲಕ್ಕೆ ನನ್ನ ನೋಟ ತೆಗೆಸಿ ನೋಡಿದೆ. ನನ್ನದೂ ನನ್ನ ಅಕ್ಕನದೂ ಒಂದೇ. ಚಿಮಣಿ ಹಿಡ್ಕೊಂಡು ಅವಳೇ ನನಗೆ ಅಕ್ಷರ ಕಲಿಸಿದ್ದು. ಅವಳಿಗೆ ನಾನು ಅದನ್ನ ಯಾವತ್ತೂ ಹೇಳಿರಲಿಲ್ಲ." ಮೈಕನ್ನು ಹತ್ತಿರ ಎಳೆದುಕೊಂಡರು. "ಅವತ್ತು ಮೇಯ್ದಿದ್ದು ಅಂದೆ. ಆ ಮಾತು ಹಾಗೆ ನೋಡಿದರೆ ನನಗೇ ಅಂದುಕೊಂಡಿದ್ದು."

ಮೆಟ್ಟಿಲಿಳಿದು ಬಂದರು. ಜನ ದಾರಿ ಬಿಟ್ಟರು. ಗಾದಿಲಿಂಗನ ಮುಂದೆ ಬಂದು ನಿಂತರು. ಹತ್ತಿರದಿಂದ ನೋಡಿದರೆ ವಯಸ್ಸಾದ ಮುಖ, ಕಣ್ಣಂಚಿನಲ್ಲಿ ಒದ್ದೆ. ನಾಟಕವಲ್ಲ ಎನ್ನುವುದು ಯಾರಿಗಾದರೂ ಕಾಣುತ್ತಿತ್ತು.

"ತಪ್ಪಾಯ್ತು ಗಾದಿಲಿಂಗಪ್ಪನವರೇ. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆ ಕೇಳ್ತಿದ್ದೀನಿ. ಆಯ್ತು ಬಿಡಿ ಅಂತ ಒಂದು ಮಾತು ಹೇಳಿ, ಸಾಕು."

ಗಾದಿಲಿಂಗನ ಎದೆಯಲ್ಲಿ ಇಷ್ಟು ದಿನ ಬಿಗಿದುಕೊಂಡಿದ್ದ ಸಿಟ್ಟಿನ ಎಳೆ ಸಡಿಲವಾಗತೊಡಗಿತು. ಅವರ ಅಕ್ಕನನ್ನು ಅವನು ಕಂಡಿರಲಿಲ್ಲ, ಆದರೂ ಚಿಮಣಿಯ ಬೆಳಕಲ್ಲಿ ಅವಳ ಬೆರಳು ಕಂಡಂತಾಯಿತು. ಆಯ್ತು ಬಿಡ್ರಿ ಸಾರ್. ನಾಲಿಗೆಯ ತುದಿಗೆ ಬಂದಿತ್ತು ಮಾತು. ಹೇಳಬೇಕೆಂದು ಅವನಿಗೆ ನಿಜವಾಗಿ ಆಸೆಯಾಗಿತ್ತು.

ಬಾಗಿಲಲ್ಲಿ ಕೂತಿದ್ದ ತಸ್ನೀಮ್ ಅರ್ಧ ಎದ್ದು ನಿಂತಿದ್ದರು. ತಲೆ ಬೇಡ ಎನ್ನುವಂತೆ ಅಲ್ಲಾಡುತ್ತಿತ್ತು.

"ಹೇಳಪ್ಪ," ಎಂದಳು ಹುಲಿಗೆಮ್ಮ, ಪಕ್ಕದ ಬೆಂಚಿನಿಂದ. "ಹಿರೇರು ಬಾಯಿ ಬಿಟ್ಟು ಕೇಳಾಕತ್ತಾರ. ಮಾತಾಡು."

ವಸಂತಕುಮಾರ್ ಕೈ ಚಾಚಿದರು.

ಗಾದಿಲಿಂಗ ಆ ಕೈಯನ್ನು ನೋಡಿದ. ಚಿಗವ್ವನ ಕಡೆ ನೋಡಲಿಲ್ಲ. ಹಲ್ಲು ಕಚ್ಚಿ ತುಟಿ ಬಿಗಿದು, ಬೆನ್ನು ತಿರುಗಿಸಿ, ಓದುವ ಕೋಣೆಯ ಕಡೆ ನಡೆದುಬಿಟ್ಟ.